ಸೋಮವಾರ ಬರೆದ ತಾರೀಖು

ನಮ್ಮ ಓಣಿಯ ಹುಡುಗಿಯೊಬ್ಬಳು ಈಚೆಗೆ ಕಂದಾಯ ಇಲಾಖೆಗೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದಳು. ಪೇಢೆ ಕೊಡಲು ಮನೆಗೆ ಬಂದವಳು, "ಕಾಕಾ, ನನಗ ಈ ರಾಜಕೀಯ ಅಂದ್ರ ಆಗಂಗಿಲ್ಲ ನೋಡ್ರಿ. ನಮ್ಮ ಟೇಬಲ್ ಕೆಲಸಕ್ಕ ಅದೇನೂ ಸಂಬಂಧ ಬರಂಗಿಲ್ಲಲ್ಲ?" ಎಂದು ಕೇಳಿದಳು. ಬಾಯಲ್ಲಿ ಪೇಢೆ ಇತ್ತು, ಹಾಗಾಗಿ ಉತ್ತರ ಹೇಳದೆ ಪಾರಾದೆ. ಅವಳು ಹೋದ ಮೇಲೆ ಉತ್ತರ ಬಂತು, ಆದರೆ ಸಿಹಿ ತಂದವಳಿಗೆ ಹೇಳುವಂಥದ್ದಾಗಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳೂ ಓದಲಿ, ಅವಳಂತೆ ಹೊಸದಾಗಿ ಕುರ್ಚಿಗೆ ಬಂದವರೂ ಓದಲಿ.

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು, ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ನಿಂತು, ಕೂತು, ತೂಕಡಿಸಿ ಮೂವತ್ತು ವರ್ಷ ನೌಕರಿ ಮಾಡಿದವನು ನಾನು. ಈ ಬರಹದ ಮುಖ್ಯ ಸಂಗತಿ ಮೂರರಲ್ಲಿ ಯಾವ ಕಚೇರಿಯಲ್ಲಿ ನಡೆಯಿತೆಂದು ಹೇಳುವುದಿಲ್ಲ. ಶಾಸಕರ ಹೆಸರು ಹೇಳುವುದಿಲ್ಲ. ಪಕ್ಷವನ್ನಂತೂ ಹೇಳಲು ಬರುವುದೇ ಇಲ್ಲ, ಅದು ಯಾವ ವರ್ಷದ್ದು ಎಂದು ನೀವು ಕೇಳಬೇಕಾಗುತ್ತದೆ. ನನ್ನ ಹೆಸರು ಮಾತ್ರ ಹೇಳುತ್ತೇನೆ. ಅಡ್ಡಹೆಸರು ಅಂಗಡಿ. ಕಚೇರಿಯಲ್ಲಿ ಎಲ್ಲರೂ ಅಂಗಡಿಯವರೇ ಎನ್ನುತ್ತಿದ್ದರು.

ನನ್ನ ಮೊದಲ ಟೇಬಲ್ಲು ಬ್ಯಾಡಗಿಯಲ್ಲಿ. ಮೆಣಸಿನಕಾಯಿಯ ಸೀಜನ್ನಿನಲ್ಲಿ ಊರಿಗೆ ಊರೇ ಘಾಟು. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಪೆನ್ನು ಹಿಡಿದು ಸೀನುತ್ತ ಫೈಲು ಬರೆಯುವುದನ್ನು ಅಲ್ಲಿ ಕಲಿತೆ. ಕೆಲಸ ಕಲಿಸಿದವರು ನಮ್ಮ ಮೇಲಿನ ಸಿರಸ್ತೇದಾರ ಕಟ್ಟೀಮನಿಯವರು. ಒಳ್ಳೆಯ ಮನುಷ್ಯ, ಲಂಚ ಮುಟ್ಟಿದವರಲ್ಲ. ಆದರೆ ನನಗೆ ಅವರು ಕಲಿಸಿದ ಮೊದಲ ಪಾಠವೇ ಮುಂದೆ ವಿಷವಾಯಿತು.

ಸಮಿತಿಯ ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಬರೆದಿಡುವ ಕಾಗದಕ್ಕೆ ನಡಾವಳಿ ಎನ್ನುತ್ತಾರೆ. ಅಧ್ಯಕ್ಷರು ಒಂದು ಊರಿನಲ್ಲಿ, ಸದಸ್ಯರು ಇನ್ನೊಂದು ಊರಿನಲ್ಲಿ, ಎಲ್ಲರೂ ಒಂದೇ ದಿನ ಒಂದೇ ಮೇಜಿಗೆ ಬರುವುದು ಎಲ್ಲಿ ಸಾಧ್ಯ? ಹಾಗಾಗಿ ನಡಾವಳಿಯನ್ನು ನಾವೇ ಮೊದಲು ಬರೆದು, ಹಿಡಿದುಕೊಂಡು ತಿರುಗಿ ಒಬ್ಬೊಬ್ಬರ ಸಹಿ ಹಾಕಿಸುತ್ತಿದ್ದೆವು. ಕಟ್ಟೀಮನಿಯವರು ಹೇಳಿದ್ದು ಇಷ್ಟು: "ಅಂಗಡೀ, ಎಲ್ಲಾ ಬರಿ, ತಾರೀಖಿನ ಜಾಗಾ ಮಾತ್ರ ಖಾಲಿ ಬಿಡು. ಕಟ್ಟಕಡೀ ಸಹಿ ಯಾವತ್ತು ಬೀಳತೈತೋ ಅವತ್ತಿನ ತಾರೀಖು ಹಾಕು. ಸಹಿ ಅವರ ಕೈಯಾಗ ಇರತೈತಿ, ತಾರೀಖು ನಮ್ಮ ಕೈಯಾಗ ಇರತೈತಿ."

ಎಷ್ಟು ಜಾಣತನದ ಮಾತು ಎಂದು ಬೆರಗಾಗಿದ್ದೆ. ಎಲ್ಲ ಕಚೇರಿಗಳಲ್ಲೂ ಇದೇ ರೂಢಿ ಇತ್ತೆಂದು ನಾನು ಹೇಳುವುದಿಲ್ಲ. ನಾನು ಕಂಡ ಟೇಬಲ್ಲುಗಳಲ್ಲಿ ಇತ್ತು.

ಆಮೇಲೆ ಹಾವೇರಿ. ಅಲ್ಲಿ ಕೆಲಕಾಲ ಸರ್ಕಾರಿ ಸಮಾರಂಭಗಳ ಆಮಂತ್ರಣ ಪತ್ರಿಕೆ, ಅಡಿಗಲ್ಲಿನ ಫಲಕ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಾವಿರದ ನಾಲ್ಕರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಅಲ್ಲಿಂದ ಶುರುವಾದ ಕುರ್ಚಿಯಾಟ ನಾಲ್ಕು ವರ್ಷ ನಡೆಯಿತು. ಪತ್ರಿಕೆ ಅಚ್ಚಾಗಿ ಬರುವಷ್ಟರಲ್ಲಿ ಸಚಿವರು ಮಾಜಿಯಾಗಿರುತ್ತಿದ್ದರು. ನಾವು ನಾಲ್ಕು ಜನ ಗುಮಾಸ್ತರು ಗೋಂದು ಹಿಡಿದು ಕೂತು ಹಳೆಯ ಹೆಸರಿನ ಮೇಲೆ ಹೊಸ ಹೆಸರಿನ ಚೀಟಿ ಅಂಟಿಸುತ್ತಿದ್ದೆವು.

ಫಲಕ ಕೊರೆಯುತ್ತಿದ್ದವನು ಇಮಾಮಸಾಬ. ಮನೆಯಲ್ಲಿ ಉರ್ದು, ಕಲ್ಲಿನ ಮೇಲೆ ಕನ್ನಡ, ಅಕ್ಷರವಂತೂ ಮುತ್ತು. ಒಮ್ಮೆ ಅವಸರದ ಕೆಲಸ ಕೊಡಲು ಹೋದಾಗ ಅವನು ಉಳಿ ಕೆಳಗಿಟ್ಟು, "ಸಾಹೇಬ್ರ, ಹೆಸರು ಕೊರೀಲೋ, ಬರೇ ಬಣ್ಣದಾಗ ಬರೀಲೋ?" ಎಂದು ಕೇಳಿದ.

"ಯಾಕಪಾ, ಕೊರೀಬೇಕು. ಅಡಿಗಲ್ಲು ಅಂದಮ್ಯಾಲ."

"ಕೊರದಿದ್ದನ್ನ ಅಳಸಾಕ ಕಲ್ಲ ತಿಕ್ಕಬೇಕಾಕ್ಕತಿ. ಮೂರು ಸಲ ತಿಕ್ಕಿದ್ರ ಕಲ್ಲು ತೆಳ್ಳಗಾಗತೈತ್ರಿ. ಈಗಿನ ಮಂದಿಗೆ ಬಣ್ಣಾನ ಸಾಕು."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಚೇರಿಗೆ ಬಂದು ಎಲ್ಲರಿಗೂ ಹೇಳಿ ನಗಿಸಿದೆ. ಬೆಂಗಳೂರಿನಲ್ಲಿ ಯಾರು ಯಾವ ಸಾಲಿನಲ್ಲಿ ಕೂರುತ್ತಾರೆ ಎಂಬುದು ನನಗೆ ಆಗ ಬರೀ ನಗೆಪಾಟಲಿನ ವಿಷಯ. ನಮ್ಮ ಸಂಬಳವಂತೂ ಯಾವ ಸರ್ಕಾರ ಬಿದ್ದರೂ ಬೀಳುತ್ತಿರಲಿಲ್ಲ.

ಆ ಕುರ್ಚಿಯಾಟ ಇನ್ನೂ ನಡೆದಿದ್ದಾಗಲೇ ನಾನು ಮೂರರಲ್ಲೊಂದು ತಾಲ್ಲೂಕು ಕಚೇರಿಯಲ್ಲಿ ಬಗರ್ ಹುಕುಂ ಟೇಬಲ್ಲಿಗೆ ಕೂತೆ. ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರ್ಕಾರದ ಪಡಾ, ಅಂದರೆ ಬೀಳು ಬಿದ್ದ ಭೂಮಿಯನ್ನು ವರ್ಷಾನುಗಟ್ಟಲೆ ಉಳುಮೆ ಮಾಡುತ್ತ ಬಂದ ಬಡವರು ಅದನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕುತ್ತಾರೆ. ಅದನ್ನು ತೀರ್ಮಾನಿಸುವ ಸಮಿತಿಗೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ತಹಶೀಲ್ದಾರರು ಕಾರ್ಯದರ್ಶಿ. ಉಳಿದ ಸದಸ್ಯರನ್ನು ಸರ್ಕಾರ ನೇಮಿಸುತ್ತದೆ. ಸರ್ಕಾರ ಬಿದ್ದರೆ ಆ ಸದಸ್ಯರು ಬಿದ್ದರು. ಸದನ ವಿಸರ್ಜನೆಯಾದರೆ ಅಧ್ಯಕ್ಷರೇ ಇಲ್ಲ. ಅಲ್ಲಿಯವರೆಗೆ ಅರ್ಜಿಗಳು ನನ್ನ ಕಪಾಟಿನಲ್ಲಿ ಧೂಳು ತಿನ್ನುತ್ತವೆ.

ಆ ಕಪಾಟಿನಲ್ಲಿ ಫಕ್ಕೀರವ್ವನ ಅರ್ಜಿ ಇತ್ತು. ನದಿ ಕಡೆಯ ಹಳ್ಳಿಯವಳು, ಐವತ್ತು ದಾಟಿದ ವಿಧವೆ. ಗಂಡನೂ ತಾನೂ ಕಲ್ಲು ಆರಿಸಿ, ಜಾಲಿ ಕಿತ್ತು ಹದ ಮಾಡಿದ ಎರಡು ಎಕರೆ. ಗಂಡ ಅರ್ಜಿ ಹಾಕಿ ಸತ್ತ. ಮಕ್ಕಳಿಲ್ಲ. ಶೇಂಗಾ, ಜೋಳ ಬೆಳೆದು ಅವಳ ಹೊಟ್ಟೆ ನಡೆಯುತ್ತಿತ್ತು. ಆದರೆ ಪಹಣಿಯಲ್ಲಿ ಅವಳ ಹೆಸರಿರಲಿಲ್ಲ. ಬಾಜೂ ಹೊಲದವನು, ಉಳ್ಳವನು, ಆ ಎರಡು ಎಕರೆಯ ಮೇಲೆ ಕಣ್ಣಿಟ್ಟಿದ್ದ. ಅದನ್ನು ತಾನೇ ಉಳುತ್ತಿದ್ದೇನೆಂದು ಅವನೂ ಒಂದು ಅರ್ಜಿ ಹಾಕಿದ್ದ.

ಮೊದಲ ಸಲ ಬಂದಾಗ ಕೇಳಿದಳು: "ಯಪ್ಪಾ, ಮೀಟಿಂಗು ಯಾವಾಗ್ರಿ?"

ಸಮಿತಿ ಆಗಬೇಕು ಎಂದೆ. ಸಮಿತಿ ಯಾವಾಗ? ಸರ್ಕಾರ ಗಟ್ಟಿಯಾದ ಮೇಲೆ. ಸರ್ಕಾರ ಯಾವಾಗ ಗಟ್ಟಿಯಾಗುತ್ತದೆ? ನನಗೆ ಸಿಟ್ಟು ಬಂತು. "ನೋಡವ್ವಾ, ಬೆಂಗಳೂರಾಗ ಎರಡುನೂರಾ ಇಪ್ಪತ್ನಾಕು ಮಂದಿ ಇರತಾರ. ಅದರಾಗ ನೂರಾ ಹದಿಮೂರು ಮಂದಿ ಒಂದ ಕಡೆ ಕುಂದರಬೇಕು. ಆಮ್ಯಾಲ ಬಾ" ಎಂದೆ. ಓಡಿಸುವುದಕ್ಕೆ ಹೇಳಿದ ಮಾತು. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ಮುಂದಿನ ತಿಂಗಳು ಬಂದವಳು ಮೀಟಿಂಗು ಕೇಳಲೇ ಇಲ್ಲ. "ಎಷ್ಟಕ್ಕ ಬಂತ್ರಿ ಯಪ್ಪಾ ಈಗ? ಹದಿಮೂರಕ್ಕ ಮುಟ್ಟಿತೇನು?" ಎಂದಳು. ನೂರನ್ನು ಅವಳು ಹೇಳುತ್ತಲೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಟೀವಿ ನೋಡಿಕೊಂಡೇ ಕಚೇರಿಗೆ ಬರುತ್ತಿದ್ದಳು. ಯಾವ ಪಕ್ಷಕ್ಕೆ ಎಷ್ಟು, ಪಕ್ಷೇತರರು ಎಷ್ಟು, ಯಾರು ಯಾರನ್ನು ಬಿಟ್ಟರು, ಎಲ್ಲ ಬಾಯಿಪಾಠ. ಒಂದಕ್ಷರ ಓದಲು ಬಾರದ ಹೆಂಗಸು ಒಮ್ಮೆ ನನ್ನನ್ನು ಕೇಳಿದಳು: "ಇಪ್ಪತ್ನಾಕು ಆರಿಸಿ ಬಂದವ್ರು. ಮ್ಯಾಲ ಒಬ್ಬಾಂವನ್ನ ಸರ್ಕಾರದವ್ರ ನೇಮಿಸತಾರಂತಲ್ರಿ, ಅವನ ಕೈನೂ ಲೆಕ್ಕಕ್ಕ ಹಿಡೀತಾರೇನು?" ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳಿ ಮುಂದಿನ ಸಲ ಹೇಳಿದೆ. ಆಮೇಲೆ ಕಚೇರಿಯಲ್ಲಿ ನಾವು ಅವಳನ್ನು ಸ್ಪೀಕರವ್ವ ಎಂದು ಕರೆದು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ಸರ್ಕಾರವೊಂದು ಬಿತ್ತು, ಸಮಿತಿ ಹೋಯಿತು. ಇನ್ನೊಂದು ಬಂತು, ಸಮಿತಿಯ ಪಟ್ಟಿ ಬರುವಷ್ಟರಲ್ಲಿ ಅದೂ ಬಿತ್ತು. ರಾಷ್ಟ್ರಪತಿ ಆಡಳಿತ ಬಂತು, ಸದನವೇ ಹೋಯಿತು. ಎರಡು ಸಾವಿರದ ಎಂಟರಲ್ಲಿ ಹೊಸ ಸದನ ಬಂದಾಗಲೂ ದೊಡ್ಡ ಪಕ್ಷಕ್ಕೆ ಮೂರು ಕಡಿಮೆ. ಫಕ್ಕೀರವ್ವ ಬಾಗಿಲಲ್ಲೇ ನಿಂತು ಮೂರು ಬೆರಳು ತೋರಿಸಿದಳು. "ಮೂರ ಮಂದೀರಿ. ಮೂರು ಮಂದಿ ಸಿಗಂಗಿಲ್ಲೇನ್ರಿ ಇಷ್ಟ ದೊಡ್ಡ ರಾಜ್ಯದಾಗ?"

ಸಿಕ್ಕರು. ಸಮಿತಿಯೂ ಆಯಿತು. ನಮ್ಮ ಶಾಸಕರು ಆಗ ವಿರೋಧ ಪಕ್ಷದವರು, ಆದರೂ ಅಧ್ಯಕ್ಷತೆ ಅವರದೇ. ಇಪ್ಪತ್ತಾರು ಅರ್ಜಿಗಳನ್ನು ತಯಾರು ಮಾಡಿದೆ. ಮಹಜರು, ನಕ್ಷೆ, ಗ್ರಾಮಲೆಕ್ಕಿಗನಾದ ತಲಾಟಿಯ ವರದಿ, ಎಲ್ಲ ಸರಿಯಿದ್ದವು. ಫಕ್ಕೀರವ್ವನೇ ಉಳುತ್ತಿದ್ದಾಳೆಂದು ತಲಾಟಿ ಸ್ಪಷ್ಟವಾಗಿ ಬರೆದಿದ್ದ. ಬಾಜೂದವನ ಅರ್ಜಿಯನ್ನು ತಿರಸ್ಕಾರಕ್ಕೆ ಹಾಕಿದೆ. ನಡಾವಳಿ ಬರೆದೆ. ತಾರೀಖಿನ ಜಾಗ ಖಾಲಿ ಬಿಟ್ಟೆ.

ಒಂದು ಶುಕ್ರವಾರ ಮಧ್ಯಾಹ್ನ ಶಾಸಕರ ಕಡೆಯಿಂದ ಫೋನು ಬಂತು, ಪ್ರವಾಸಿ ಮಂದಿರಕ್ಕೆ ಕಾಗದ ತೆಗೆದುಕೊಂಡು ಲಗೂ ಬನ್ನಿ ಎಂದು. ಓಡಿದೆ. ಕಾರಿನ ಎಂಜಿನ್ನು ನಿಂತಿರಲಿಲ್ಲ. ಶಾಸಕರು ಕಾರಿನ ಮೂತಿಯ ಮೇಲೆ ಕಾಗದ ಇಟ್ಟುಕೊಂಡು, ಓದದೆ, ಒಂದರ ಹಿಂದೆ ಒಂದು ಸಹಿ ಗೀಚಿದರು. "ಅಂಗಡಿಯವರ, ಯಾವ ಬಡವಂದೂ ಬಾಕಿ ಉಳೀಬಾರದ್ರಿ. ಮತ್ತ ನಾ ಬರೂದು ತಡಾ ಆಗಬಹುದು" ಎಂದರು. ಎಲ್ಲಿಗೆ ಹೊರಟರೆಂದು ನಾನು ಕೇಳಲಿಲ್ಲ. ಗೇಟಿನ ಹತ್ತಿರ ಫಕ್ಕೀರವ್ವ ನಿಂತಿದ್ದಳು. ಸಂತೆಗೆ ಬಂದವಳು ನಾನು ಫೈಲು ಹಿಡಿದು ಓಡುವುದನ್ನು ನೋಡಿ ಹಿಂದೆಯೇ ಬಂದಿದ್ದಳು.

"ಆತೇನ್ರಿ ಯಪ್ಪಾ?"

"ಆತವ್ವಾ. ನಿಂದೂ ಆತು."

ಅವಳು ಅಲ್ಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಚೀಲದಿಂದ ಒಂದು ಹಿಡಿ ಹಸಿ ಶೇಂಗಾ ತೆಗೆದು ನನ್ನ ಕಿಸೆಗೆ ಸುರಿದಳು.

ಅಂದು ತಹಶೀಲ್ದಾರರು ಜಿಲ್ಲಾಧಿಕಾರಿಗಳ ಸಭೆಗೆ ಹೋಗಿದ್ದರು. ಶನಿವಾರ ನಾನು ಉಳಿದ ಸದಸ್ಯರ ಮನೆಗಳಿಗೆ ಹೋಗಿ ಸಹಿ ಹಾಕಿಸಿದೆ. ಅದೇ ಶನಿವಾರ ನಮ್ಮ ಶಾಸಕರು ಬೆಂಗಳೂರಿನಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅಂದೇ ಅಂಗೀಕಾರವೂ ಆಯಿತು. ಆಳುವ ಪಕ್ಷ ಸೇರಿ, ಅದೇ ಕ್ಷೇತ್ರದಿಂದ ಮತ್ತೆ ನಿಂತು ಬರುವ ಲೆಕ್ಕ. ಭಾನುವಾರದ ಪತ್ರಿಕೆಯಲ್ಲಿ ಮುಖಪುಟದಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಬೇರೆ ಮಾತೇ ಇಲ್ಲ. ತಹಶೀಲ್ದಾರರ ಕೋಣೆಯಲ್ಲಿ ಚಹಾ ಕುಡಿಯುತ್ತ ಒಂದು ತಾಸು ಎಣಿಸಿದೆವು, ಈ ಕಡೆ ಎಷ್ಟು, ಆ ಕಡೆ ಎಷ್ಟು, ಒಂದು ಕುರ್ಚಿ ಖಾಲಿಯಾದರೆ ಬಹುಮತಕ್ಕೆ ಎಷ್ಟು ಬೇಕು. ಎಣಿಸುತ್ತ ಎಣಿಸುತ್ತ ನಾನು ನಡಾವಳಿ ಮುಂದಿಟ್ಟೆ. ತಹಶೀಲ್ದಾರರು ಮಾತಾಡುತ್ತಲೇ ಸಹಿ ಹಾಕಿದರು. ಅದು ಕಟ್ಟಕಡೆಯ ಸಹಿ. ನಾನು ಮಾತಾಡುತ್ತಲೇ ಖಾಲಿ ಜಾಗದಲ್ಲಿ ಸೋಮವಾರದ ತಾರೀಖು ಬರೆದೆ. ನಾವು ಅಷ್ಟೂ ಜನ ಅಲ್ಲಿದ್ದೆವು. ಅಧ್ಯಕ್ಷರು ಶನಿವಾರವೇ ಶಾಸಕರಾಗಿ ಉಳಿದಿಲ್ಲ ಎಂದು ಅಷ್ಟು ಹೊತ್ತು ಬಾಯಿ ತುಂಬ ಮಾತಾಡಿದ್ದೆವು. ಒಬ್ಬನಿಗೂ ಹೊಳೆಯಲಿಲ್ಲ.

ಬಾಜೂ ಹೊಲದವನ ವಕೀಲನಿಗೆ ಹೊಳೆಯಿತು. ಶಾಸಕರೇ ಅಲ್ಲದವರ ಅಧ್ಯಕ್ಷತೆಯಲ್ಲಿ ನಡೆದ ಸಭೆ ಅಸಿಂಧು, ಇಪ್ಪತ್ತಾರೂ ಮಂಜೂರಾತಿ ರದ್ದಾಗಬೇಕು ಎಂದು ಹಾವೇರಿಯಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಿದ. ನನಗೆ ಲಿಖಿತ ವಿವರಣೆ ಕೇಳಿ ಪತ್ರ ಬಂತು.

ಉಳಿಸುವ ದಾರಿ ಇತ್ತು. ಅಧ್ಯಕ್ಷರು ಶುಕ್ರವಾರ ಸಹಿ ಮಾಡಿದರು, ತಾರೀಖನ್ನು ನಾನು ತಪ್ಪಾಗಿ ಬರೆದೆ ಎಂದು ಒಪ್ಪಿಕೊಂಡರೆ ಇಪ್ಪತ್ತಾರು ಮನೆಗಳಿಗೆ ಒಂದು ಆಸರೆಯಾದರೂ ಸಿಗುತ್ತಿತ್ತು. ನನಗೆ ಒಂದು ನೋಟಿಸು ಬರುತ್ತಿತ್ತು, ಒಂದು ವಾರ್ಷಿಕ ವೇತನ ಬಡ್ತಿ ನಿಲ್ಲುತ್ತಿತ್ತು, ಕೈಗೆ ಬಂದಿದ್ದ ಸಿರಸ್ತೇದಾರನ ಹುದ್ದೆ ತಪ್ಪುತ್ತಿತ್ತು. ತಹಶೀಲ್ದಾರರು ನನ್ನನ್ನು ಕರೆದು ಬಾಗಿಲು ಮುಂದಕ್ಕೆ ಹಾಕಿದರು.

"ಅಂಗಡಿಯವರ, ತಾರೀಖು ತಪ್ಪು ಅಂದ್ರಿ ಅಂದ್ರ ಮುಂದಿನ ಪ್ರಶ್ನೆ ಏನ ಬರತೈತಿ ಗೊತ್ತೈತಿ? ಶುಕ್ರವಾರ ಸಭಾ ಎಲ್ಲಿ ಆತು, ಯಾರ್ಯಾರು ಕುಂತಿದ್ರು ಅಂತಾರ. ಸಭಾನ ಆಗಿಲ್ಲ ಅನ್ನೂದು ಹೊರಗ ಬೀಳತೈತಿ. ನಂದು ಇನ್ನೂ ಸರ್ವಿಸ್ ಭಾಳ ಐತ್ರಿ."

"ಆ ಮಂದಿ ಗತಿ ಏನ್ರಿ ಸರ್?"

"ಮತ್ತ ಸಮಿತಿ ಆಗತೈತಿ, ಮತ್ತ ಅರ್ಜಿ ಇಡೋಣು. ಭೂಮಿ ಏನ ಓಡಿ ಹೊಕ್ಕೈತೇನು?"

ತಾರೀಖು ಸರಿಯಾಗಿದೆ ಎಂದು ನಾನು ವಿವರಣೆ ಬರೆದುಕೊಟ್ಟೆ. ತಹಶೀಲ್ದಾರರು ನನ್ನನ್ನು ಬಲವಂತ ಮಾಡಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ನನಗೆ ಹೆದರಿಕೆ ಇತ್ತು, ಹುದ್ದೆಯ ಆಸೆ ಇತ್ತು, ಅವರ ಮಾತು ನನಗೆ ಅನುಕೂಲವಾಗಿತ್ತು.

ವಿಚಾರಣೆಯ ದಿನ ಇಪ್ಪತ್ತಾರು ಜನರಲ್ಲಿ ಬಂದವಳು ಫಕ್ಕೀರವ್ವ ಒಬ್ಬಳೇ. ವಕೀಲನಿಲ್ಲ. ಅವಳ ಸರದಿ ಬಂದಾಗ ಕೈ ಮುಗಿದು ನಿಂತು ಹೇಳಿದಳು: "ಸಾಹೇಬ್ರ, ಅಂವ ಶಾಸಕ ಇದ್ದಾಗನ ಸಹಿ ಮಾಡ್ಯಾನ್ರಿ. ಶುಕ್ರವಾರ, ಸಂತಿ ದಿನ. ಕಾರಿನ ಮ್ಯಾಲ ಇಟ್ಟು ಮಾಡಿದ. ನಾ ಗೇಟಿನ್ಯಾಗ ನಿಂತು ಕಣ್ಣಾರೆ ನೋಡೇನಿ. ಮರದಿನ ಶನಿವಾರ ಅಂವ ಬಿಟ್ಟ, ಆ ಕಡೆ ಒಂದು ಕಡಿಮಿ ಆತು. ಬೇಕಾದ್ರ ನಮ್ಮ ಅಂಗಡಿ ಸಾಹೇಬ್ರನ್ನ ಕೇಳ್ರಿ. ಅವರೂ ಅಲ್ಲೇ ಇದ್ರು."

ಉಪವಿಭಾಗಾಧಿಕಾರಿಗಳು ಚಿಕ್ಕ ವಯಸ್ಸಿನವರು. ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಏನ್ರಿ, ಇವರು ಹೇಳೋದು ನಿಜವೇ?"

ಅವರ ದನಿಯಲ್ಲಿ ನಂಬುವ ಮನಸ್ಸಿತ್ತು. ಹೌದು ಎಂದಿದ್ದರೆ ಅವರು ಬರೆದುಕೊಳ್ಳುತ್ತಿದ್ದರು ಎಂದು ಈಗಲೂ ನನಗೆ ಅನಿಸುತ್ತದೆ. ನಾನು ಹೇಳಿದೆ: "ಇಲ್ಲ ಸರ್. ಓದು ಬರಹ ಬಾರದ ಹೆಣ್ಣುಮಗಳು. ಆಕೆಗೆ ವಾರ, ತಾರೀಖು ತಿಳಿಯೋದಿಲ್ಲ."

ಐದು ವರ್ಷ ಇಡೀ ವಿಧಾನಸಭೆಯನ್ನು ಬೆರಳ ತುದಿಯಲ್ಲಿ ಎಣಿಸಿದವಳ ಬಗ್ಗೆ ನಾನು ಆಡಿದ ಮಾತು ಇದು. ಫಕ್ಕೀರವ್ವ ನನ್ನ ಮುಖ ನೋಡಿದಳು. ಜಗಳಾಡಲಿಲ್ಲ, ಅಳಲಿಲ್ಲ. ಮುಗಿದ ಕೈ ಇಳಿಸಿ, "ಹೌದ್ರಿ ಸಾಹೇಬ್ರ. ನನಗೆಲ್ಲಿ ತಿಳೀತೈತಿ" ಎಂದು ಹೊರಗೆ ಹೋದಳು.

ಮಂಜೂರಾತಿಗಳು ರದ್ದಾದವು. ಉಪಚುನಾವಣೆಯ ನೀತಿ ಸಂಹಿತೆ ಬಂತು, ಹೋಯಿತು. ಶಾಸಕರು ಹೊಸ ಪಕ್ಷದಿಂದ ಗೆದ್ದು ಬಂದರು. ಪ್ರಚಾರಕ್ಕೆ ಬಂದಾಗ ಬಗರ್ ಹುಕುಂ ಸಾಗುವಳಿದಾರರಿಗೆ ಅನ್ಯಾಯವಾಗಿದೆ ಎಂದು ಭಾಷಣವನ್ನೂ ಮಾಡಿದರು. ಬಾಜೂ ಹೊಲದವನು ಆ ಚುನಾವಣೆಯಲ್ಲಿ ಅವರ ಹಿಂದೆ ಮುಂದೆ ಓಡಾಡಿದ್ದ. ನಾನು ಸಿರಸ್ತೇದಾರನಾದೆ. ಬಡ್ತಿಯ ಕತೆ ಬರೆದುಕೊಳ್ಳುವ ಚಟ ನನಗಿಲ್ಲ, ಇದೊಂದನ್ನು ಮಾತ್ರ ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ.

ಮತ್ತೆ ಸಮಿತಿ ಆಯಿತು. ಅದೇ ಅಧ್ಯಕ್ಷರು. ಫಕ್ಕೀರವ್ವನ ಎರಡು ಎಕರೆಯನ್ನು ಈ ಸಲ ಬಾಜೂದವನ ಹೆಸರಿಗೆ ಮಂಜೂರು ಮಾಡಿದರು. ಹೊಸ ತಲಾಟಿಯ ಹೊಸ ವರದಿ ಇತ್ತು. ಆ ನಡಾವಳಿ ಸಿರಸ್ತೇದಾರನಾದ ನನ್ನ ಮುಂದೆಯೇ ಬಂತು. ತಾರೀಖಿನ ಜಾಗ ಖಾಲಿ ಇತ್ತು. ಗುಮಾಸ್ತನನ್ನು ಬೈದು, ಮೊದಲು ತಾರೀಖು ಬರೆಸಿ, ಆಮೇಲೆ ಸಹಿಗೆ ಕಳಿಸಿದೆ. ಅದನ್ನು ಯಾರೂ ಪ್ರಶ್ನಿಸಲಿಲ್ಲ. ಕಾಗದ ಅಷ್ಟು ಸರಿಯಾಗಿತ್ತು.

ಈಗ ಎಲ್ಲ ಬದಲಾಗಿದೆಯಂತೆ. ಕಂಪ್ಯೂಟರೇ ತಾರೀಖು ಹಾಕುತ್ತದೆ, ಹೆಬ್ಬೆರಳು ಒತ್ತಿದರೆ ಮಾತ್ರ ಫೈಲು ತೆರೆಯುತ್ತದೆ ಎಂದು ಆ ಹುಡುಗಿ ಹೇಳಿದಳು. ಒಳ್ಳೆಯದು. ಆದರೂ ಒಂದು ಮಾತು ಹೇಳುತ್ತೇನೆ ಮಗಳೇ. ಬೆಂಗಳೂರಿನಲ್ಲಿ ಒಬ್ಬ ಒಂದು ಸಾಲಿನಿಂದ ಎದ್ದು ಇನ್ನೊಂದು ಸಾಲಿಗೆ ಹೋದರೆ ನಿನ್ನ ಕಪಾಟಿನೊಳಗೆ ಯಾರದೋ ಹೊಲ ಅಲ್ಲಾಡುತ್ತದೆ. ಅವನನ್ನು ನೀನು ತಡೆಯಲಾರೆ. ಆದರೆ ಯಾರಾದರೂ ನಿನ್ನ ಕಡೆ ತಿರುಗಿ, ಇವಳು ಹೇಳುವುದು ನಿಜವೇ ಎಂದು ಕೇಳುವ ದಿನ ಬರುತ್ತದೆ. ಆ ದಿನ ಶಾಸಕನೂ ಇರುವುದಿಲ್ಲ, ಪಕ್ಷವೂ ಇರುವುದಿಲ್ಲ. ನಾನು ಎಲ್ಲವನ್ನೂ ಅವನ ಮೇಲೆ ಹಾಕಿ ಬಹಳ ವರ್ಷ ಆರಾಮಾಗಿದ್ದೆ.

ನಿವೃತ್ತನಾದ ಮೇಲೆ ಒಮ್ಮೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಅಂದು ವಿಧಾನಸಭೆಯ ಮತ ಎಣಿಕೆ. ಚಹಾದಂಗಡಿಯ ಟೀವಿಯ ಮುಂದೆ ಜನ ಮುಕುರಿದ್ದರು. ಆ ಗುಂಪಿನ ಅಂಚಿನಲ್ಲಿ ಫಕ್ಕೀರವ್ವ ಇದ್ದಳು, ಟೀವಿಗೆ ಬೆನ್ನು ಮಾಡಿ, ನದಿ ಕಡೆಯ ಬಸ್ಸು ಕಾಯುತ್ತ. ಕೈಯಲ್ಲಿ ಕುಡುಗೋಲು, ತಲೆಗೆ ಬಟ್ಟೆ. ಬೇರೆಯವರ ಹೊಲದಲ್ಲಿ ಕೂಲಿ ಮುಗಿಸಿ ಬಂದವಳಂತಿದ್ದಳು. ನನ್ನನ್ನು ಕಂಡಳು. ಗುರುತು ಹಿಡಿದಳು, ಅದರಲ್ಲಿ ಅನುಮಾನವಿಲ್ಲ. ನಾನು ಎದ್ದು ನಿಂತೆ.

ಯಾರಿಗೆ ಎಷ್ಟು ಸ್ಥಾನ ಬಂದಿದೆ, ಎಷ್ಟರಲ್ಲಿ ಮುಂದಿದ್ದಾರೆ, ಹದಿಮೂರಕ್ಕೆ ಇನ್ನೂ ಎಷ್ಟು ಬೇಕು, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳು ಕೇಳಲಿಲ್ಲ. ಬಸ್ಸು ಬಂತು, ಹತ್ತಿ ಕೂತಳು.